ಚಿಂಚವಾಡಿ ವಿಮಾನ ನಿಲ್ದಾಣದ ಕಾಟಾ

ನಾನು ಒಂದು ಕಾಟಾ. ತೂಕದ ಯಂತ್ರ ಎನ್ನಿ ಬೇಕಾದರೆ. ಕೆಳಗೆ ಕಬ್ಬಿಣದ ಹಲಗೆ, ಮೇಲೆ ಗುಂಡನೆಯ ಮುಖ, ಮುಖದಲ್ಲಿ ಒಂದೇ ಮುಳ್ಳು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಬಿಟ್ಟರೆ ಆ ಮುಳ್ಳಿಗೆ ಬೇರೇನೂ ಬಾರದು. ಲೋಕಕ್ಕೆ ಬೇಡವಾದ ವಿದ್ಯೆ ಅದೊಂದೇ, ನೋಡಿ!

ಹುಟ್ಟಿದ್ದು ಎರಕದ ಕಾರ್ಖಾನೆಯಲ್ಲಿ, ಬೆಳೆದದ್ದು ತೊಗರಿ ಮಂಡಿಯಲ್ಲಿ. ಮಾರುವ ರೈತ ನಾನು ಕಡಿಮೆ ತೋರಿಸುತ್ತೇನೆ ಎನ್ನುತ್ತಿದ್ದ, ಕೊಳ್ಳುವ ವ್ಯಾಪಾರಿ ಹೆಚ್ಚು ತೋರಿಸುತ್ತೇನೆ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇಲ್ಲಿ ಆ ನೆಲ ನಾನೇ. ಕೊನೆಗೆ ಮಂಡಿಗೆ ಅಂಕಿ ಬೆಳಗುವ ಹೊಸ ಯಂತ್ರ ಬಂತು. ಅದೇ ಹೊತ್ತಿಗೆ ರಾಜ್ಯದ ಉತ್ತರದ ತುದಿಯ ಚಿಂಚವಾಡಿಯಲ್ಲಿ ಪುಟ್ಟ ವಿಮಾನ ನಿಲ್ದಾಣ ತೆರೆದಿತ್ತು. ನನ್ನನ್ನು ಅಲ್ಲಿಗೆ ಸಾಗಿಸಿದರು.

ನಿಲ್ದಾಣವೆಂದರೆ ಏನೇನೋ ಅಂದುಕೊಳ್ಳಬೇಡಿ. ಒಂದು ಹಾಲ್, ಒಂದು ಕಂಬ, ಕಂಬಕ್ಕೆ ಗಾಳಿ ತಿಂದು ಅದರ ದಿಕ್ಕು ತೋರುವ ಬಟ್ಟೆಯ ಚೀಲ. ಆಚೆ ಗಿಡ್ಡನೆಯ ಓಡುದಾರಿ. ಊರಿಗೆ ರೈಲಿಲ್ಲ, ಇದ್ದ ರಸ್ತೆ ದೇವರಿಗೇ ಪ್ರೀತಿ. ಹಾಗಾಗಿ ಬೆಂಗಳೂರಿಗೆ ಹೋಗಿಬರುವ ಆ ಪುಟ್ಟ ವಿಮಾನವೇ ಗತಿ. ಅದೋ ಧೂಳೆದ್ದರೆ ಬಾರದು, ಮೋಡ ಕವಿದರೆ ಬಾರದು. ಬಿಸಿಲು ಏರಿದರೆ ಬರುತ್ತದೆ, ಆದರೆ ಭಾರ ಹೊರಲಾರದು. ಅದಕ್ಕೇ ಇಲ್ಲಿ ಗಂಟಿನ ಜತೆ ಮನುಷ್ಯರನ್ನೂ ತೂಗಬೇಕು. ಎಲ್ಲರೂ ನನ್ನ ಮೇಲೆ ಹತ್ತಿಯೇ ವಿಮಾನ ಹತ್ತುತ್ತಿದ್ದರು. ನಾನು ಜನರನ್ನು ಗುರುತಿಸುವುದು ಪಾದಗಳಿಂದ.

ನನ್ನನ್ನು ನೋಡಿಕೊಳ್ಳುತ್ತಿದ್ದವನು ರುಕ್ಮೋದ್ದೀನ, ಟಿಕೆಟ್ ನೋಡುವವನೂ ಅವನೇ, ಕೂಗಿ ಕರೆಯುವವನೂ ಅವನೇ. ನನ್ನ ಮೈ ಒರೆಸುತ್ತಿದ್ದವಳು ಕಸ ಗುಡಿಸುವ ಝರಣಮ್ಮ. ಗಂಡ ಸತ್ತು ಎಷ್ಟೋ ವರ್ಷವಾದ ಮುದುಕಿ. ಒಡೆದ ಹಿಮ್ಮಡಿ, ಹಗುರ ಹೆಜ್ಜೆ. ಹೆಂಗಸರು ಶುಭಕಾರ್ಯಕ್ಕೆಂದು ಹಾಲ್‌ನಲ್ಲಿ ಸೇರಿದರೆ ತಾನಾಗಿಯೇ ಬಾಗಿಲ ಹಿಂದೆ ಸರಿಯುತ್ತಿದ್ದಳು.

ಶುಭಕಾರ್ಯ ಎಂದೆನಲ್ಲ, ಅದೇ ನನ್ನ ಜೀವ ತಿಂದದ್ದು. ಹೆಣ್ಣುಮಗಳು ಊರು ಬಿಟ್ಟು ಹೊರಟರೆ ಬರಿ ಉಡಿಯಲ್ಲಿ ಕಳಿಸಬಾರದಂತೆ. ಮುತ್ತೈದೆಯರು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ ಹಾಕಿ ಉಡಿ ತುಂಬುತ್ತಾರೆ. ಬಸ್ಸಿಗೆ ಹೋಗುವವಳಿಗೆ ಹಿಡಿ ಅಕ್ಕಿ ಸಾಕು. ವಿಮಾನವೆಂದರೆ ಸೇರುಗಟ್ಟಲೆ! ಬೇಡ ತಾಯಂದಿರಾ, ಇದು ಎತ್ತಿನ ಗಾಡಿಯಲ್ಲ ಎಂದು ರುಕ್ಮೋದ್ದೀನ ಎಷ್ಟು ಬೇಡಿಕೊಂಡರೂ ಕೇಳುವವರಾರು? ನನ್ನ ಮುಳ್ಳು ಹೇಳಿದ್ದನ್ನಂತೂ ಯಾರೂ ನೋಡುತ್ತಿರಲಿಲ್ಲ.

ಒಂದು ಬೇಸಿಗೆ ಮಧ್ಯಾಹ್ನ ಮಹಾನಂದಾ ಬಂದಳು. ಕುಸ್ತಿ ಹುಡುಗಿ. ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆ. ಗರಡಿಯಲ್ಲಿ ಗಂಡಸರ ನಗೆ ಸಹಿಸಿ, ಮಣ್ಣು ತಿಂದು ಗಳಿಸಿದ ಅವಕಾಶ. ಈ ವಿಮಾನ ತಪ್ಪಿದರೆ ಆಯ್ಕೆಯೂ ತಪ್ಪಿತು. ಅವಳ ಹಿಂದೆ ಸೋದರತ್ತೆ ಸಂಗಾಬಾಯಿ, ಸಂಗಾಬಾಯಿಯ ಹಿಂದೆ ಓಣಿಯ ಹೆಂಗಸರ ದಂಡು. ಹುಡುಗಿಯ ಆಟದ ಉಡುಪಿನ ಮೇಲೆಯೇ ಒಂದು ಸೀರೆ ಸುತ್ತಿ, ನಾ ಮುಂದು ತಾ ಮುಂದು ಎಂದು ಉಡಿ ತುಂಬಿದರು. ಆ ಭಾರ ಹೊತ್ತು ಅವಳು ನನ್ನ ಮೇಲೆ ನಿಂತಳು. ಮುಳ್ಳು ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಯಿತು.

ಇಷ್ಟು ಭಾರ ಆಗುವುದಿಲ್ಲ ಎಂದ ಪೈಲಟ್. ಉಡಿ ಇಳಿಸಿದರೆ ಹುಡುಗಿ ಬರಬಹುದು, ಇಲ್ಲದಿದ್ದರೆ ಬಿಟ್ಟು ಹೋಗುತ್ತೇನೆ ಎಂದ. ಬೇರೆ ಪ್ರಯಾಣಿಕರು ತಮ್ಮ ಸಾಮಾನು ಇಳಿಸುತ್ತಾರೆಯೇ? ಒಬ್ಬೊಬ್ಬರೂ ತಮ್ಮ ಪೆಟ್ಟಿಗೆಯನ್ನು ಕೂಸಿನಂತೆ ತಬ್ಬಿಕೊಂಡರು. ಅಕ್ಕಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ ಎಂದ ರುಕ್ಮೋದ್ದೀನ. ತುಂಬಿದ ಉಡಿ ಕೆಳಗಿಡಬಾರದು ಎಂದಳು ಸಂಗಾಬಾಯಿ. ನೀನೇ ಮರಳಿ ತೆಗೆದುಕೋ ಅತ್ತೆ ಎಂದು ಹುಡುಗಿ ಅಂಗಲಾಚಿದಳು. ಕೊಟ್ಟ ಉಡಿ ಹಿಂದೆ ಪಡೆದರೆ ವಂಶಕ್ಕೇ ಕೇಡಂತೆ! ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ಈ ಹಾಳಾದ ಕಾಟಾನೇ ಸುಳ್ಳ ಹೇಳ್ಲಕತ್ತದ," ಎಂದು ಸಂಗಾಬಾಯಿ ನನ್ನ ಮುಖಕ್ಕೆ ಗುದ್ದಿದಳು.

ಹಣೆ ಚಚ್ಚಿಕೊಳ್ಳೋಣವೆಂದರೆ ನನಗೆ ಹಣೆಯಾದರೂ ಎಲ್ಲಿದೆ? ಆಚೆ ವಿಮಾನದ ಪಂಖ ತಿರುಗತೊಡಗಿತು. ಹುಡುಗಿಯ ಕಾಲ್ಬೆರಳುಗಳು ನನ್ನ ಹಲಗೆಯನ್ನು ಕಚ್ಚಿ ಹಿಡಿದವು. ಅಳುವಿಗಲ್ಲ, ಸಿಟ್ಟಿಗೆ. ಥಟ್ಟನೆ ಇಳಿದವಳೇ ಬಾಗಿಲ ಹಿಂದಿದ್ದ ಝರಣಮ್ಮನ ಮುಂದೆ ನಿಂತಳು.

"ಆಯಿ, ಸೆರಗ ಹಿಡಿ."

ಮುದುಕಿ ಗೋಡೆಗೆ ಅಂಟಿಕೊಂಡಳು. ಹುಡುಗಿ ತಾನೇ ಅವಳ ಸೆರಗು ಹಿಡಿದು, ತನ್ನ ಉಡಿಯನ್ನೆಲ್ಲ ಅದಕ್ಕೆ ಸುರಿದಳು. ಗಂಡ ಸತ್ತವಳಿಗೆ ಉಡಿಯೇ! ಮಹಾನಂದಾ ತಿರುಗಿ ಬಂದು ಮತ್ತೆ ನನ್ನ ಮೇಲೆ ನಿಂತಳು. ಮುಳ್ಳು ಸರಿಯಾಗಿ ನಿಂತಿತು. ಅವಳು ಓಡಿದಳು, ವಿಮಾನ ಏರಿತು.

ಗೆದ್ದು ಬಂದಿದ್ದರೆ ಊರು ಎಲ್ಲವನ್ನೂ ಮರೆಯುತ್ತಿತ್ತು. ಆದರೆ ಅವಳು ಸೋತಳು. ಬರುವ ವಿಮಾನ ರದ್ದಾಗಿ, ಲಾರಿಯಲ್ಲಿ ಕೂತು ಮೈಕೈ ನೋಯಿಸಿಕೊಂಡು ಬಂದಳಂತೆ. ಸೋಲಿಗೆ ಕಾರಣ ಯಾರು? ಝರಣಮ್ಮ! ಉಡಿ ಪಡೆದ ಮುದುಕಿಯನ್ನು ಕಂಡರೆ ಹೆಂಗಸರು ದಾರಿ ಬದಲಿಸತೊಡಗಿದರು. ನನ್ನ ಮೈ ಉರಿಯಿತು. ಅವಳು ತನ್ನಷ್ಟಕ್ಕೆ ಕಸ ಗುಡಿಸಿಕೊಂಡಿದ್ದವಳು, ಏನು ಮಾಡಿದ್ದಾಳು?

ಆಮೇಲೆ ವಿಮಾನವೂ ನಿಂತಿತು. ಜನ ಸಾಲದು ಎಂದರು ವಿಮಾನದವರು. ಜನರಿದ್ದಾಗ ಭಾರ ಹೆಚ್ಚು ಎನ್ನುತ್ತಿದ್ದವರೂ ಅವರೇ! ರುಕ್ಮೋದ್ದೀನನಿಗೆ ಬೇರೆ ಊರಿಗೆ ವರ್ಗವಾಯಿತು. ಕೀಲಿ ಕಾಯಲು ಝರಣಮ್ಮ ಉಳಿದಳು, ಮೂಲೆಯಲ್ಲಿ ನಾನು ಉಳಿದೆ. ನನ್ನ ಹಲಗೆಗೆ ತುಕ್ಕು ಹಿಡಿದಿದೆ, ಗಾಜು ಬಿರುಕು ಬಿಟ್ಟಿದೆ. ಆದರೂ ಅವಳು ದಿನಾ ಒರೆಸುತ್ತಾಳೆ.

ಆ ಸೋಲಿನ ಮರುವರ್ಷ ಆಯ್ಕೆಯ ಹೊತ್ತಿಗೆ ಪರಿಚಿತ ಪಾದಗಳು ಒಳಗೆ ಬಂದವು. ಮಹಾನಂದಾ. ಬಸ್ಸಿಗೆ ಹೊರಟಿದ್ದಳು, ಒಬ್ಬಳೇ. ಊರಿನಲ್ಲಿ ಸುಳ್ಳು ಹೇಳದ ಕಾಟಾ ಇದೊಂದೇ ಎಂದು ನನ್ನ ಮೇಲೆ ನಿಂತು ತೂಕ ನೋಡಿಕೊಂಡಳು. ಇಷ್ಟು ವರ್ಷದಲ್ಲಿ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ. ಅವಳು ಇಳಿಯಲಿಲ್ಲ, ಝರಣಮ್ಮನ ಮುಂದೆ ದುಪಟ್ಟಾ ಚಾಚಿದಳು.

"ಆಯಿ, ಉಡಿ ತುಂಬು."

"ಹುಚ್ಚಿ, ನನ್ನ ಕೈಲೆ ಬ್ಯಾಡವ್ವ. ಹೋದ ಸಲ ನೀ ಸೋತಿದ್ದು ನನ್ನಿಂದನೇ ಅಂತದ ಊರು."

"ಸೋತಾಕಿ ನಾನು. ಆ ಹುಡುಗಿ ನನಗಿಂತ ಗಟ್ಟಿ ಇದ್ಳು, ಅಷ್ಟೇ. ನೀ ಹಾಕ್ತಿಯೋ, ನಾ ಬರಿ ಉಡೀಲೆ ಹೋಗ್ಲೋ?"

ಝರಣಮ್ಮ ತನ್ನ ಕೋಣೆಗೆ ಹೋಗಿ ಒಂದು ಗಂಟು ತಂದು ಬಿಚ್ಚಿದಳು. ಬೇವಿನ ಎಲೆಗಳ ನಡುವೆ ಅಕ್ಕಿ. ಅದೇ ಅಕ್ಕಿ. ಗಂಡ ಸತ್ತ ಮೇಲೆ ತನಗೆ ಸಿಕ್ಕ ಆ ಒಂದೇ ಉಡಿಯನ್ನು ಮುದುಕಿ ಬೇಯಿಸಿ ಉಂಡಿರಲಿಲ್ಲ, ಹುಳ ಹತ್ತದಂತೆ ಕಾಯ್ದಿಟ್ಟಿದ್ದಳು. ಒಂದು ಹಿಡಿ ತೆಗೆದು ಹುಡುಗಿಯ ದುಪಟ್ಟಾಕ್ಕೆ ಹಾಕಿದಳು.

ನಾನು ಮೂಟೆ ತೂಗಲು ಹುಟ್ಟಿದವನು. ಹಿಡಿ ಅಕ್ಕಿ ನನಗೆ ಲೆಕ್ಕಕ್ಕಿಲ್ಲ. ಮುಳ್ಳು ಅಲುಗಲೇ ಇಲ್ಲ.

"ನೋಡು, ಏನೂ ಭಾರ ಆಗಿಲ್ಲ," ಎಂದು ಝರಣಮ್ಮ ನಕ್ಕಳು.

ಹಾಗಲ್ಲ ಮುದುಕಿ, ಹಾಗಲ್ಲ ಎಂದು ಕೂಗಬೇಕೆನಿಸಿತು. ಜೀವಮಾನದಲ್ಲಿ ಅದೊಂದೇ ಸಲ ಇದ್ದದ್ದಕ್ಕಿಂತ ಹೆಚ್ಚು ತೋರಿಸಬೇಕೆಂದು ಮೈಯೆಲ್ಲ ಬಿಗಿಹಿಡಿದು ನೋಡಿದೆ. ಆಗಲಿಲ್ಲ.