ಜಾರ್ತೈತೋ ಜಿಗೀತೈತೋ

ಹಾಂ, ಈಗ, ಕೆಂಪಿನ ಹತ್ತಿರ ಬಂತು, ನಿಂತಿತು, ನಡುಗಿತು — ಆಮೇಲೆ ಆಚೆ ಕಡೆ, ಅದೇ ಹಸಿರು ಚುಕ್ಕೆ, ಏನೂ ಆಗಿಲ್ಲವೆಂಬಂತೆ, ರಶ್ಮಿ ಸೂಕ್ಷ್ಮದರ್ಶಕ ಸೆರೆಹಿಡಿದ ಚಿತ್ರವನ್ನು ಪರದೆಯ ಮೇಲೆ ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು, ಮತ್ತೆ ದಾಟಿತು, ದಾಟಬ್ಯಾಡೋ ಯಪ್ಪಾ, ಇವತ್ತೊಂದು ದಿನ ದಾಟಬ್ಯಾಡ, ಸಂಜೆ ಗುರುದೇವಿ ಮೇಡಮ್ಮರ ಬೀಳ್ಕೊಡುಗೆ ಉಪನ್ಯಾಸ, ಆಯುಷ್ಯವೆಲ್ಲ ಈ ಸಂಶೋಧನಾ ಸಂಸ್ಥೆಯಲ್ಲೇ ಸವೆಸಿದ ಜೀವ, ಸಭಾಂಗಣದ ಬಾಗಿಲಿಗೆ ಆಗಲೇ ಚೆಂಡುಹೂವಿನ ಸರ ಕಟ್ಟಿದ್ದಾರೆ, ಅವರು ಎಲ್ಲರೆದುರು ನಿಂತು ಹೇಳಲಿರುವುದು ತಮ್ಮ ಹೆಸರನ್ನು ದೇಶದಾಚೆ ಒಯ್ದ ಆ ಒಂದೇ ಮಾತು, ಈ ಪ್ರೋಟೀನು ಡಿಎನ್‌ಎ ಎಂಬ ದಾರವನ್ನು ಬಿಡದೆ ಅಪ್ಪಿಕೊಂಡು ಜಾರುತ್ತ ಜಾರುತ್ತ ತಾನು ಕೂರುವ ಜಾಗ ಹುಡುಕುತ್ತದೆ ಎಂದು, ಇಲ್ಲಿ ನೋಡಿದರೆ ಅದೇ ಪ್ರೋಟೀನು, ಈ ಪೋರಿ ಹಸಿರು ಚುಕ್ಕೆ — ದಾರಿಗೆ ಅಡ್ಡವಾಗಿ ಕೆಂಪು ಚುಕ್ಕೆಯನ್ನು ಕೂರಿಸಿದ್ದು ರಶ್ಮಿಯೇ, ಅದೂ ಒಂದು ಪ್ರೋಟೀನೇ, ದಾರವನ್ನು ಬಿಗಿಯಾಗಿ ಹಿಡಿದು ಕೂತದ್ದು, ಬರೀ ಜಾರುವಂಥದ್ದಾದರೆ ಅದರ ಮುಂದೆ ನಿಂತು ವಾಪಸು ಹೋಗಬೇಕು, ಆಚೆ ಹೋಗಿದೆಯೆಂದರೆ ದಾರವನ್ನು ಕೈಬಿಟ್ಟು ಜಿಗಿದಿದೆ, ಜಿಗಿದು ಮತ್ತೆ ಹಿಡಿದಿದೆ, ಕಣ್ಣರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ, ಕ್ಯಾಮೆರಾಕ್ಕೂ ಸಿಕ್ಕದ ಜಿಗಿತ, ಈಚೆಯಿತ್ತು, ಆಚೆ ಇದೆ, ಅಷ್ಟೇ.

ಇದನ್ನೆಲ್ಲ ಕಲಿಸಿದವರೂ ಅವರೇ ಅಲ್ಲವೇ, ಮೊದಲ ವರ್ಷ, ಇದೇ ಕತ್ತಲೆ ಕೋಣೆಯಲ್ಲಿ, ಕಣ್ಣ ಮುಚ್ಚು, ಕೈಯಾಗ ಜಪಮಾಲಿ ಐತಿ ಅಂತ ತಿಳಕೊ, ಮೇರುಮಣಿ ಹೆಂಗ ಹುಡುಕ್ತಿ, ಒಂದೊಂದ ಮಣಿ ಬೆರಳಾಗ ಸರಿಸ್ಕೋತ ಹೋಗ್ತಿ ಹೌದಿಲ್ಲೋ, ಬರೇ ನೀರಾಗ ತಿರಗ್ಯಾಡಿದ್ರ ಪ್ರೋಟೀನಿಗೆ ತನ್ನ ಜಾಗ ಸಿಗಾಕ ಭಾಳ ಹೊತ್ತ ಬೇಕು, ದಾರಕ್ಕ ಬಿದ್ದು ಜಾರಿದ್ರ ಲಗೂನ ಸಿಗತೈತಿ — ಅವರ ಬೆರಳು ಗಾಳಿಯಲ್ಲಿ ಇಲ್ಲದ ಮಣಿಗಳನ್ನು ಸರಿಸುತ್ತಿದ್ದವು, ಎಷ್ಟು ಚಂದದ ಬೆರಳು, ಆಗಿನ್ನೂ ನಡುಗುತ್ತಿರಲಿಲ್ಲ, ಅದಕ್ಕೂ ಮೊದಲು ಅವರೆಂದರೆ ಹೆದರಿಕೆ, ಇಂಗ್ಲಿಷು ತೆಲುಗು ಬಿಟ್ಟು ಬೇರೆ ಆಡದ ಹೆಂಗಸು, ಒಂದು ದಿನ ರಶ್ಮಿ ಕಾರಿಡಾರಿನಲ್ಲಿ ಫೋನು ಹಿಡಿದು ಬರಾಕತ್ತೀನಿ ಬೇ, ಮೆಟ್ರೋ ಹತ್ತೂದ ಬಾಕಿ ಅಂತ ಅವ್ವನಿಗೆ ಹೇಳುತ್ತಿದ್ದಾಗ ಬೆನ್ನ ಹಿಂದೆ ದನಿ, ಯಾವೂರ ಹುಡುಗಿ ನೀ, ಕೂಕಟ್‌ಪಲ್ಲಿರಿ ಮೇಡಂ, ಇಲ್ಲೇ ಈ ಊರಾಗ, ಅಲ್ಲವಾ, ಬುಡ ಯಾವುದು, ಸುರಪುರ ಕಡೇರಿ, ಅಷ್ಟಕ್ಕೇ ಆ ಮುಖ ಅರಳಿದ್ದು, ನಂದು ಸೇಡಂ, ನಿಮ್ಮವ್ವಗ ಶೇಂಗಾ ಹಿಂಡಿ ಮಾಡಾಕ ಬರತೈತೇನು, ಅಂದಿನಿಂದ ಡಬ್ಬಿಯಲ್ಲಿ ಅವರ ಪಾಲಿನ ರೊಟ್ಟಿ, ಚಟ್ನಿಪುಡಿಯಂಥ ಆ ಹಿಂಡಿ ಇರದ ಸೋಮವಾರವಿಲ್ಲ, ರಶ್ಮಿಗೆ ಜಾಂಡೀಸ್ ಆದಾಗ ಎಳನೀರು ಹಿಡಿದು ಮನೆಗೆ ಬಂದು ನಾಲ್ಕನೇ ಅಂತಸ್ತು ಹತ್ತಿ ಏದುಸಿರು ಬಿಟ್ಟವರು, ಅಂಥವರಿಗೆ ಇವತ್ತೇ, ಈ ದಿನವೇ, ಇದನ್ನು ಹೇಗೆ ಹೇಳುವುದು, ಬೆಳಿಗ್ಗೆ ಬಾಲಾನಗರದ ಡ್ಯೂಟಿಗೆ ಹೊರಟ ಅಪ್ಪನನ್ನು ಕೇಳಿದ್ದಳು, ಅಪ್ಪಾ, ಬೇಕಾದವರು ತಪ್ಪು ಹೇಳಾಕತ್ತಿದ್ರ ಏನ ಮಾಡಬೇಕು, ಅಪ್ಪ ಹಣಮಂತರಾಯ ಬೂಟಿನ ಲೇಸು ಕಟ್ಟುತ್ತ, ಮಂದಿ ಮುಂದ ಹೇಳಬ್ಯಾಡ, ಒಳಗ ಕರದು ಹೇಳು, ಆದರ ಹೇಳು, ಅಂದು ಹೋಗಿಬಿಟ್ಟ, ಹೇಳೂದು ಸುಲಭ ಅಪ್ಪಾ, ಹೇಳಬೇಕಾದ ಬಾಯಿ ನಂದು — ಕತ್ತಲೆ ಕೋಣೆಯ ಬಾಗಿಲು ಕಿರ್ರೆಂದಿತು, ಬೆಳಕಿನ ಗೆರೆ, ಮೇಡಮ್ಮರ ಗದ್ವಾಲ ಸೀರೆಯ ಸರಬರ, ಇಲ್ಲೇನ ಮಾಡಾಕತ್ತಿ ಹುಡುಗಿ, ಎಲ್ಲಾರೂ ಫೋಟೋಕ್ಕ ಕರ್ಯಾಕತ್ತಾರ, ನಿನ್ನ ಬಿಟ್ಟು ನಾ ನಿಲ್ಲೂದಿಲ್ಲ.

ಮೇಡಂ, ಒಂದ ನಿಮಿಷ ಕೂಡ್ರಿ, ಅಂದಳು, ಗುಂಡಿ ಒತ್ತಿದಳು, ಚುಕ್ಕೆ ಹೊರಟಿತು, ಹಸಿರು ಬೆಳಕು ಅವರ ಕನ್ನಡಕದಲ್ಲಿ ಸಣ್ಣಗೆ ಹರಿದಾಡಿತು, ನಿಂತಿತು, ನಡುಗಿತು, ಆಚೆ, ಹೊರಗೆ ಯಾರೋ ತೆಲುಗಿನಲ್ಲಿ ಕುರ್ಚಿ ಎಣಿಸುತ್ತಿದ್ದರು, ಮೇಡಂ ಮೆಲ್ಲಗೆ, ಕೆಂಪಿಂದು ದಾರ ಬಿಟ್ಟು ಬಿದ್ದು ಮತ್ತ ಬಂದು ಕೂತಿರಬೇಕು, ಇಲ್ರಿ ಮೇಡಂ, ಕೆಂಪು ಒಮ್ಮೆನೂ ಆರಿಲ್ಲ, ಒಂದ ದಾರದಾಗ ಆಗಿದ್ರ ಏನಾತು, ಭಾಳ ದಾರದಾಗ ಆಗೇತ್ರಿ, ಎಲ್ಲಾ ನೋಡೀನಿ, ಯಾವಾಗಿಂದ ಗೊತ್ತು ನಿನಗ, ನಿನ್ನೆ ಖಾತ್ರಿ ಆತ್ರಿ, ಹೇಳಾಕ — ಈಗ ಎದ್ದು ಹೋಗುತ್ತಾರೆ, ಹಿಂಡಿಯೂ ಸಾಕು ನೀನೂ ಸಾಕು ಅನ್ನುತ್ತಾರೆ, ಅವರ ಬೆರಳು ಪರದೆಯ ಹತ್ತಿರ ಹೋಯಿತು, ನಡುಗುವ ಬೆರಳು, ಚುಕ್ಕೆಯ ಪಕ್ಕಕ್ಕೇ, ಆವಾಗಿನ ಪ್ರಯೋಗದಾಗ ನಾವು ದಾರ್ಯಾಗ ಅಡ್ಡ ಏನೂ ಇಟ್ಟಿರ್ಲಿಲ್ಲ ನೋಡು, ಅಂದರು, ಅಡ್ಡಿನ ಇಲ್ಲದಾಗ ಜಾರೂದು ಜಿಗಿಯೂದು ಎರಡೂ ಒಂದ ಥರಾ ಕಾಣತಾವು, ನನಗ ಯಾಕ ಹೊಳೀಲಿಲ್ಲ ಇದು, ಮತ್ತ ಹಾಕು, ಹಾಕಿದಳು, ಮತ್ತ ಹಾಕು, ನಾಲ್ಕನೆಯದೋ ಐದನೆಯದೋ ಸಲಕ್ಕೆ ಅವರ ಹೆಗಲು ಅಲುಗಿತು, ಅಳುತ್ತಿದ್ದಾರೆ ದೇವರೇ ಅಂದುಕೊಂಡಳು, ಅಳುತ್ತಿರಲಿಲ್ಲ, ನಗುತ್ತಿದ್ದರು, ಕಳ್ಳಿ, ಜಿಗ್ಯಾಕತ್ತಾಳಲ್ಲೇ ನಮ್ಮ ಹುಡುಗಿ, ಇಷ್ಟ ವರ್ಷ ನನ್ನ ಮುಂದ ಜಾರಿದಂಗ ನಾಟಕ ಮಾಡಿ, ಚುಕ್ಕೆಗೆ ಅಂದರೋ ರಶ್ಮಿಗೆ ಅಂದರೋ, ಅವಳ ಕೆನ್ನೆ ಹಿಂಡಿದ ಬೆರಳು ತಣ್ಣಗಿತ್ತು, ಇದನ್ನ ನನ್ನ ಭಾಷಣದ ಕಡೀಕ ಸೇರಸು, ಬ್ಯಾಡ್ರಿ ಮೇಡಂ, ಇವತ್ತ ಬ್ಯಾಡ, ಇವತ್ತ ಇಲ್ಲಂದ್ರ ಯಾವತ್ತ ಹೇಳ್ಲಿ, ನಾಳಿಂದ ಕೇಳವ್ರ ಯಾರು ನನ್ನ.

ಈಗ ಸಭಾಂಗಣ, ಚೆಂಡುಹೂವಿನ ವಾಸನೆ, ಮೊದಲ ಸಾಲಿನಲ್ಲಿ ಡೈರೆಕ್ಟರು, ಮೇಡಂ ಇಂಗ್ಲಿಷಿನಲ್ಲಿ ಜಾರುವ ಕತೆ ಪೂರ್ತಿ ಹೇಳಿದರು, ಚಪ್ಪಾಳೆ ಬಿತ್ತು, ಕೈಯೆತ್ತಿ ನಿಲ್ಲಿಸಿದರು, ಇಷ್ಟು ದಿನ ನಾನು ನಿಮಗೆ ಹೇಳಿದ್ದು ಅರ್ಧ, ಉಳಿದರ್ಧ ನನ್ನ ವಿದ್ಯಾರ್ಥಿನಿ ಹೇಳುತ್ತಾಳೆ, ಅಂದು ಸಾಲುಗಳಲ್ಲಿ ಹುಡುಕಿ, ಕಾಣದೆ, ಮೈಕಿನಲ್ಲೇ, ರಶ್ಮೀ ಎಲ್ಲಿದ್ದೀ ಬಾರವ್ವಾ, ಕನ್ನಡ ತಿಳಿಯದವರೂ ನಕ್ಕರು, ಎದ್ದಳು, ಯಾರದೋ ಚೀಲ ತೊಡರಿತು, ಮೆಟ್ಟಿಲು, ಮೇಡಂ ಮೈಕು ಅವಳ ಕೈಗಿಟ್ಟು ಅಲ್ಲೇ ಒತ್ತಿಕೊಂಡು ನಿಂತರು, ಹೆಗಲಿಗೆ ಹೆಗಲು, ದೀಪ ಆರಿದವು, ಗೋಡೆಯಗಲದ ದಾರ, ಗೋಡೆಯಗಲದ ಕತ್ತಲೆ, ಇಷ್ಟು ದೊಡ್ಡದಾಗಿ ಅದನ್ನು ಯಾವತ್ತೂ ನೋಡಿರಲಿಲ್ಲ, ಬಂತು, ಮೇಡಮ್ಮರ ಉಸಿರು ಅವಳ ಕಿವಿಯ ಹತ್ತಿರ ತಡೆದು ನಿಂತಿತು, ಹಸಿರು, ಕೆಂಪಿನ ಮುಂದೆ, ನಿಂತಿತು, ನಡುಗಿತು, ಹಸಿರು —