ಬೆಳ್ಳಿ ಡಬ್ಬಿಯ ತಳದಲ್ಲಿ

ಕಲಶದ ಕಂಠದಲ್ಲಿ ಇನ್ನೂ ಕಪ್ಪು ಉಳಿದಿತ್ತು. ಮೋಹಿನಿ ಹಳೆಯ ಪಂಚೆಯ ತುಂಡನ್ನು ವಿಭೂತಿಯಲ್ಲಿ ಒತ್ತಿ ಮತ್ತೆ ಉಜ್ಜಿದಳು. ನಾಳೆ ವರಮಹಾಲಕ್ಷ್ಮಿ ಹಬ್ಬ. ಸಂಜೆ ಮಲೇಷ್ಯಾದ ಈ ಪುಚೊಂಗ್ ಊರಿನ ಕನ್ನಡದ ಹೆಂಗಸರೆಲ್ಲ ಕುಂಕುಮಕ್ಕೆ ಬರುತ್ತಾರೆ. ಎದುರಿಗೆ ನೆಲದ ಮೇಲೆ ಕೂತು ಯಾಂತಿ ದೀಪದ ಕಂಬ ಒರೆಸುತ್ತಿದ್ದಳು. ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಹೆಣ್ಣು. ಈ ಮನೆಯಲ್ಲೇ ಇದ್ದು ಕೆಲಸ ಮಾಡುತ್ತ ಮೂರು ವರ್ಷವಾಗಿತ್ತು.

ಸೋಫಾದ ಮೇಲೆ ಮಗಳು ವಿಸ್ಮಯಾ ನಾಳೆ ಶಾಲೆಯಲ್ಲಿ ನಡೆಯುವ ಚರ್ಚೆಗೆ ಚೀಟಿ ಜೋಡಿಸುತ್ತಿದ್ದಳು. ವಿಷಯ ಅಮೆರಿಕದ ಸಂವಿಧಾನ. ಅದರ ಕರಡಿನಲ್ಲಿ ಪ್ರಜೆಗಳ ಹಕ್ಕುಗಳ ಪಟ್ಟಿಯೇ ಇರಲಿಲ್ಲ. ಮೊದಲು ಒಪ್ಪಿಬಿಡುವುದೋ, ಹಕ್ಕುಗಳನ್ನು ಬರೆಸಿಕೊಂಡು ಒಪ್ಪುವುದೋ ಎಂದು ಅಲ್ಲಿನ ರಾಜ್ಯಗಳು ತಿಂಗಳುಗಟ್ಟಲೆ ಜಗಳಾಡಿದ್ದವು.

"ಅಮ್ಮಾ, ನಂದು 'ಈಗ ಒಪ್ಪಿ, ಹಕ್ಕು ಆಮೇಲೆ' ಸೈಡ್. ನೀನು ಆಪೋಸಿಟ್ ಆಗು. ಫಾಸ್ಟ್ ಲಾ!"

ಮದುವೆಗೆ ಮುಂಚೆ ಮೋಹಿನಿ ಮೈಸೂರಿನಲ್ಲಿ ಪಿಯು ಮಕ್ಕಳಿಗೆ ಆರು ವರ್ಷ ರಾಜ್ಯಶಾಸ್ತ್ರ ಕಲಿಸಿದ್ದಳು. "ಆಮೇಲೆ ಅಂದ್ರೆ ಯಾವಾಗ?" ಎಂದಳು.

"ದೇ ಆರ್ ಗುಡ್ ಪೀಪಲ್, ಅಮ್ಮ. ಟ್ರಸ್ಟ್ ಮಾಡ್ಬೇಕು."

"ಒಳ್ಳೆಯೋರೇ ಇರ್ಲಿ ಕಣೇ. ಅವರಿಗೆ ಮನಸ್ಸು ಬಂದಾಗ ಕೊಡೋದಾದ್ರೆ ಅದು ಹಕ್ಕಲ್ಲ, ದಯೆ."

"ಅಯ್ಯೋ, ಈ ಪಾಯಿಂಟ್ ಅವರಿಗೆ ಹೊಳೆದ್ರೆ ನಾವು ಸತ್ವಿ!"

ಮೋಹಿನಿ ನಕ್ಕಳು. ತನ್ನ ಪಾಠ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಆ ಹುರುಪಿನಲ್ಲೇ, "ಬೀರೂಲಿರೋ ಬೆಳ್ಳಿ ಡಬ್ಬಿ ತಗೊಂಬಾ, ದೇವಿ ಮುಖ ಅದರಲ್ಲೇ ಇದೆ. ಕೀಲಿ ನನ್ನ ದಿಂಬಿನ ಕೆಳಗೆ" ಎಂದುಬಿಟ್ಟಳು.

ಅಂದ ಮೇಲೆ ನೆನಪಾಯಿತು. ಅಷ್ಟರಲ್ಲಿ ವಿಸ್ಮಯಾ ಡಬ್ಬಿ ತಂದು ಮುಚ್ಚಳ ತೆಗೆದಿದ್ದಳು. ದೇವಿಯ ಮುಖ ಸುತ್ತಿದ್ದ ರೇಷ್ಮೆ ಬಟ್ಟೆ ಎತ್ತಿದರೆ, ತಳದಲ್ಲಿ ಹಸಿರು ರಟ್ಟಿನ ಪುಸ್ತಕ.

"ಇದು ಕಾಕ್ ಯಾಂತಿ ಪಾಸ್‌ಪೋರ್ಟ್ ಅಲ್ವಾ? ಇಲ್ಲಿ ಯಾಕಿದೆ?"

ಕಾಕ್ ಎಂದರೆ ಅಕ್ಕ. ಯಾಂತಿಯನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

"ಸೇಫಾಗಿರ್ಲಿ ಅಂತ. ಅನಿತಾ ಆಂಟಿ ಮನೆ ಕೆಲಸದವಳು ಓಡಿಹೋದಳಲ್ಲ..." ಯಾಂತಿಗೆ ತಿಳಿಯದಿರಲೆಂದು ಮೋಹಿನಿ ಬೇಗಬೇಗ ಕನ್ನಡದಲ್ಲಿ ಹೇಳಿದಳು. ಆದರೆ ಪಾಸ್‌ಪೋರ್ಟ್ ಎನ್ನುವ ಮಾತು ಯಾವ ಭಾಷೆಯವರಿಗೂ ತಿಳಿಯುತ್ತದೆ.

"ಕೇಳಿದ್ರೆ ಕೊಡ್ತೀಯಾ?"

"ಕೊಡ್ತೀನಿ... ಆಮೇಲೆ."

"ಹಾಗಾದ್ರೆ ನೀನು ನನ್ನ ಸೈಡೇ!" ವಿಸ್ಮಯಾ ಜೋರಾಗಿ ನಕ್ಕು ಚೀಟಿಗಳತ್ತ ತಿರುಗಿದಳು. ಅವಳಿಗೆ ಅದು ತಮಾಷೆ.

ಯಾಂತಿ ತಲೆ ಎತ್ತಲಿಲ್ಲ. ಆಗಲೇ ಹೊಳೆಯುತ್ತಿದ್ದ ಕಂಬವನ್ನೇ ಮತ್ತೆ ಒರೆಸಿದಳು. ಹೋದ ತಿಂಗಳು ಅವಳು ಪಾಸ್‌ಪೋರ್ಟ್ ಕೇಳಿದ್ದಳು. ಸೆಪ್ಟೆಂಬರಿನಲ್ಲಿ ತಂಗಿಯ ಮದುವೆ. ಮೋಹಿನಿ ಅಂದಿದ್ದಳು, "ಹಬ್ಬ ಮುಗಿಯಲಿ, ಆಮೇಲೆ ನೋಡೋಣ." ಅಂದಾಗಲೂ ಯಾಂತಿ ಹೀಗೆಯೇ ತಲೆ ತಗ್ಗಿಸಿ "ಸರಿ, ಪುವಾನ್", ಸರಿ ಅಮ್ಮಾವ್ರೇ, ಎಂದಿದ್ದಳು. ಎಷ್ಟು ವಿನಯದ ಹೆಣ್ಣು ಎಂದು ಮೋಹಿನಿ ಗೆಳತಿಯರ ಮುಂದೆ ಹೊಗಳಿಕೊಂಡಿದ್ದಳು ಬೇರೆ.

ಈಗ ಮೋಹಿನಿಯ ಕಿವಿ ಸುಡುತ್ತಿತ್ತು.

ನಾಳೆ ಕೊಟ್ಟುಬಿಡೋಣ ಅನ್ನಿಸಿತು. ಎಲ್ಲರೂ ಬಂದಿರುವಾಗ ಅರಿಶಿನ ಕುಂಕುಮ, ರವಿಕೆ ಕಣ, ಅದರ ಮೇಲೆ ಪಾಸ್‌ಪೋರ್ಟ್. ಯಾಂತಿಯ ಕಣ್ಣು ತುಂಬುತ್ತದೆ, ಹೆಂಗಸರು ಮೆಚ್ಚುತ್ತಾರೆ. ಆ ಚಿತ್ರ ಮನಸ್ಸಿನಲ್ಲಿ ಪೂರ್ತಿ ಮೂಡುವ ಮೊದಲೇ ಮೋಹಿನಿಗೆ ಇನ್ನಷ್ಟು ನಾಚಿಕೆಯಾಯಿತು. ಅವಳದನ್ನೇ ಅವಳಿಗೆ ಬಾಗಿನವಾಗಿ ಕೊಡುವುದೇ?

ಗಂಡ ಉಲ್ಲಾಸ್ ಏನೆನ್ನುತ್ತಾನೆಂಬುದು ಗೊತ್ತಿತ್ತು. "ಅವಳು ವಾಪಸ್ ಬರ್ದಿದ್ರೆ ಇಮಿಗ್ರೇಷನ್‌ಗೆ ಉತ್ತರ ಹೇಳೋರು ಯಾರು?" ಬರದೆಯೂ ಇರಬಹುದು. ಬರಬೇಕೋ ಬೇಡವೋ ಅವಳಿಗೆ ಬಿಟ್ಟದ್ದು. ಉಲ್ಲಾಸ್‌ನನ್ನು ಕೇಳುವುದಿಲ್ಲ.

ಬೆಳಿಗ್ಗೆ ವಿಸ್ಮಯಾ ಬಸ್ ಹತ್ತಿದ ಮೇಲೆ, ತಾನು ಪೂಜೆಗೆ ಕೂರುವ ಮೊದಲು, ಯಾಂತಿಯ ಕೈಗೇ ಕೊಡಬೇಕು. ಇಟ್ಟುಕೊಂಡದ್ದು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕು.

"ಅಮ್ಮಾ, ಇನ್ನೊಂದು ಪಾಯಿಂಟ್ ಹೇಳು."

"ಸಾಕು ಪುಟ್ಟಿ, ಇನ್ನು ನೀನೇ ಯೋಚನೆ ಮಾಡು" ಎನ್ನುತ್ತ ಮೋಹಿನಿ ಡಬ್ಬಿಯ ತಳದಿಂದ ಪಾಸ್‌ಪೋರ್ಟ್ ತೆಗೆದು, ವಿಭೂತಿಯ ಕೈಗುರುತು ಬೀಳದಂತೆ ಸೆರಗಿನಲ್ಲಿ ಹಿಡಿದುಕೊಂಡಳು.