ನಲವತ್ತೆರಡಕ್ಕೆ ನಿಂತ ಬೆಳಕು

ವರ್ನ್ ಕುರ್ಚಿ ಹತ್ತಿ ಚರ್ಚಿನ ಊಟದ ಹಾಲ್‌ನ ಮೂರನೆಯ ಕಿಟಕಿಗೂ ಪರದೆ ಎಳೆದ. ಹೊರಗೆ ಏಪ್ರಿಲ್ ತಿಂಗಳ ಹಿಮ ಬಿಸಿಲಿಗೆ ಹೊಳೆಯುತ್ತಿತ್ತು. ಆ ಹೊಳಪೆಲ್ಲ ಒಳಗೆ ನುಗ್ಗಿ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಒಂದೊಂದಾಗಿ ಬರುತ್ತಿದ್ದ, ತೀರಿಕೊಂಡ ಗೆಳೆಯ ಆರ್ವಿಡ್‌ನ ಫೋಟೋಗಳನ್ನು ನೀರು ಮಜ್ಜಿಗೆಯಂತೆ ತೆಳ್ಳಗೆ ಮಾಡಿಬಿಟ್ಟಿತ್ತು.

“ಪುಣ್ಯಾತ್ಮ, ಕತ್ತಲೆ ಮಾಡಿದ್ರೆ ಜನ ತಿನ್ನೋದು ಹೇಗೆ? ಸ್ಯಾಂಡ್‌ವಿಚ್ ಮೂಗಿಗೆ ಹೋಗುತ್ತೆ,” ಎಂದು ಬಡಿಸಲು ನಿಂತಿದ್ದ ಬಾರ್ಬ್ ದೀಪದ ಸ್ವಿಚ್ಚು ಒತ್ತಿದಳು.

“ಆರ್ವಿಡ್ ಇದ್ದಿದ್ರೆ ನಿನ್ನ ಕೈ ಮೇಲೆ ಒಂದು ಕೊಡ್ತಿದ್ದ.”

“ಇಲ್ವಲ್ಲ,” ಎಂದಳು ಬಾರ್ಬ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ಸುಮ್ಮನೆ ಇನ್ನೊಮ್ಮೆ ಜೋಡಿಸಿದಳು.

ಮುಂದಿನ ಸಾಲಿನಲ್ಲಿ ಸತ್ತವನ ಹೆಂಡತಿ ಮಾರ್ಲಿಸ್ ಕೂತಿದ್ದಳು. ಗೋಡೆಯ ಮೇಲೆ ಏನೋ ಅಲುಗುತ್ತಿದೆ ಎಂಬುದಷ್ಟೇ ಅವಳಿಗೆ ಗೊತ್ತಾಗುತ್ತಿತ್ತು. ಎರಡು ವರ್ಷದಿಂದ ಅವಳ ಕಣ್ಣಿನ ನಡುಭಾಗದ ನೋಟ ಹೋಗಿತ್ತು. ಅಂಚಿನಲ್ಲಿ ಒಂದಿಷ್ಟು ಉಳಿದಿದ್ದರಿಂದ ಅಡಿಗೆ ಮಾಡುತ್ತಿದ್ದಳು, ಮೆಟ್ಟಿಲಿಳಿಯುತ್ತಿದ್ದಳು, ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಹೋದದ್ದು ಮುಖಗಳು ಮಾತ್ರ. ಆರ್ವಿಡ್‌ನನ್ನು ಸುಟ್ಟ ಬೂದಿ ಎದುರಿನ ಮೇಜಿನ ಮೇಲೆ ಕಾಫಿ ಡಬ್ಬದಷ್ಟು ದೊಡ್ಡ ಕರಂಡಕದಲ್ಲಿತ್ತು. ಅವನ ಮುಖ ಇನ್ನು ಉಳಿದಿದ್ದರೆ ಆ ಗೋಡೆಯ ಮೇಲೆ ಮಾತ್ರ. ಅದನ್ನೊಮ್ಮೆ ನೋಡಬೇಕು ಎಂಬುದೊಂದೇ ಅವಳ ಆಸೆ. ಬಾಯಿಬಿಟ್ಟು ಕೇಳಿದರೆ ಎರಡು ವರ್ಷದ ಸುಳ್ಳು ಹೊರಬೀಳುತ್ತದೆ.

“ಅಮ್ಮ, ಇದು ನೋಡು, ದೋಣೀಲಿ ಅಪ್ಪ,” ಎಂದಳು ಪಕ್ಕದಲ್ಲಿದ್ದ ಮಗಳು ಕಾರಿನ್.

“ನೋಡ್ದೆ ಕಣೆ.”

“ಚೆನ್ನಾಗಿದೆ ಅಲ್ವಾ?”

“ಟೋಪಿ ಚೆನ್ನಾಗಿದೆ.”

ದೋಣಿ ಎಂದಮೇಲೆ ಟೋಪಿ ಇದ್ದೇ ಇರುತ್ತದೆ ಎಂಬುದು ಅವಳ ಅಂದಾಜು. ಕಾರಿನ್ ಅತ್ತಳು. ಮಾರ್ಲಿಸ್‌ಗೆ ಅಳು ಬರಲಿಲ್ಲ. ಚಳಿಗೆ ಮರಗಟ್ಟಿದ ಬೆರಳು ಚಿವುಟಿದರೂ ತಿಳಿಯುವುದಿಲ್ಲವಲ್ಲ, ಒಳಗೆಲ್ಲ ಹಾಗೆ ಆಗಿತ್ತು.

*

ಆರ್ವಿಡ್ ಮೂವತ್ತೊಂದು ವರ್ಷ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಗಳಿಗೆ ಗೋಡೆಯ ಬಣ್ಣ ಕಲಸಿ ಕೊಟ್ಟವನು. ನಿವೃತ್ತನಾದ ವಾರವೇ ಮನೆಯ ನೆಲಮಾಳಿಗೆಯನ್ನು ಸಿನಿಮಾ ಕೋಣೆ ಮಾಡಲು ಹೊರಟ. ಗೋಡೆಗೆ ಬೂದುಬಣ್ಣ, ಅದೂ ನೀಲಿಗೂ ವಾಲದ, ಹಳದಿಗೂ ವಾಲದ ಬೂದು. ಅದಕ್ಕಾಗಿ ಹನ್ನೊಂದು ಡಬ್ಬ ಕಲಸಿ ಹತ್ತನ್ನು ಹಿತ್ತಲ ಬೇಲಿಗೆ ಬಳಿದ. ಟಿವಿಯ ಬೆನ್ನಿಗೆ ಸಣ್ಣ ದೀಪಗಳ ಪಟ್ಟಿ ಅಂಟಿಸಿದ. ಪೂರ್ತಿ ಕತ್ತಲಲ್ಲಿ ತೆರೆ ಕಣ್ಣಿಗೆ ಚುಚ್ಚುತ್ತದೆ, ಹಿಂದೊಂದು ಮಂದ ಬೆಳಕಿದ್ದರೆ ಕಣ್ಣು ತಣ್ಣಗಿರುತ್ತದೆ ಎಂಬುದು ಅವನ ಶಾಸ್ತ್ರ. ತೆರೆಯ ಬ್ರೈಟ್‌ನೆಸ್ ನಲವತ್ತೆರಡು. ನಲವತ್ತಮೂರಾದರೆ ಕಪ್ಪು ಬೆಳ್ಳಗಾಗುತ್ತದೆ, ನಲವತ್ತೊಂದಾದರೆ ಕರಿ ಕೋಟಿನ ಮಡಿಕೆ ಕಾಣುವುದಿಲ್ಲ. ರಿಮೋಟನ್ನು ಬೇರೆಯವರು ಮುಟ್ಟುವಂತಿರಲಿಲ್ಲ.

“ಅಂಗಡೀಲಿ ಟಿವೀನ ಮದುವಣಗಿತ್ತಿ ಥರ ಮಿಂಚಿಸಿ ಇಟ್ಟಿರ್ತಾರೆ. ಮನೆಗೆ ತಂದ್ಮೇಲೆ ಅದರ ಮುಖ ತೊಳೀಬೇಕು,” ಎನ್ನುತ್ತಿದ್ದ.

ಸಂಜೆ ಆರೂವರೆಗೆ ಊಟ ಮುಗಿಸಿ ಇಬ್ಬರೂ ಕೆಳಗಿಳಿಯುತ್ತಿದ್ದರು. ಹಗಲೆಲ್ಲ ತುಟಿಪಿಟಿಕ್ಕೆನ್ನದ ಗಂಡಸು ಅಲ್ಲಿ ಕೂತರೆ ಬಾಯಿ ಬಿಡುತ್ತಿದ್ದ.

“ಆ ಕತ್ತಲಲ್ಲಿ ಕುದುರೆ ನಿಂತಿದೆ, ಕಾಣ್ತಾ?”

“ಕಾಣ್ತು.”

“ನೋಡು, ಅದಕ್ಕೇ ನಲವತ್ತೆರಡು.”

ಮಾರ್ಲಿಸ್ ಮೊದಲ ಸಲ ಹಾಗೆ ಸುಳ್ಳು ಹೇಳಿದಾಗ, ನಿಜವನ್ನು ನಾಳೆ ಹೇಳಿದರಾಯಿತು ಎಂದುಕೊಂಡಳು. ಹೇಳಿದ ದಿನವೇ ಅವನು ಆ ಕೋಣೆಗೆ ಬೀಗ ಹಾಕುತ್ತಾನೆಂದು ಅವಳಿಗೆ ಗೊತ್ತಿತ್ತು. ಐವತ್ತು ವರ್ಷದ ಸಂಸಾರದಲ್ಲಿ ಮಾತೆಂದು ಉಳಿದಿದ್ದುದೇ ಆ ಎರಡು ಗಂಟೆ. ನಾಳೆ ನಾಳೆ ಎನ್ನುತ್ತ ಕತ್ತಲಲ್ಲಿ ಕೂತು ಬರೀ ಕೇಳಿಸಿಕೊಂಡಳು.

ಮಾರ್ಚ್‌ನಲ್ಲಿ ಹೊಟ್ಟೆನೋವೆಂದು ಅವನು ಆಸ್ಪತ್ರೆ ಸೇರಿದ. ಗಡ್ಡೆ ಎಂದರು. ಒಂಬತ್ತೇ ದಿನ. “ದಿಢೀರ್ ಅಂತ ಬಂದಿದ್ದು ಕಣೆ, ಯಾರೇನು ಮಾಡಕ್ಕಾಗುತ್ತೆ,” ಎಂದು ಅವನೇ ಅವಳಿಗೆ ಸಮಾಧಾನ ಹೇಳಿದ್ದ. ಅವಳೂ ಅದನ್ನೇ ನಂಬಿದ್ದಳು.

*

ಮಧ್ಯಾಹ್ನ ಮನೆಗೆ ಬಂದಮೇಲೆ ಕಾರಿನ್ ಅಡಿಗೆಮನೆಯಲ್ಲಿ ಯಾರ್ಯಾರದೋ ತಟ್ಟೆ ತೊಳೆಯುತ್ತಿದ್ದಳು. ಮಾರ್ಲಿಸ್ ವರ್ನ್‌ನ ಕೆಮ್ಮಿನ ಗುರುತು ಹಿಡಿದು ಅವನ ಬಳಿ ಬಂದು ತೋಳು ಮುಟ್ಟಿದಳು.

“ಕೆಳಗೆ ಬಾ. ಟಿವಿ ಹಾಕ್ಕೊಡು.”

ನೆಲಮಾಳಿಗೆಯಲ್ಲಿ ವರ್ನ್ ಚರ್ಚಿನಲ್ಲಿ ತೋರಿಸಿದ ಫೋಟೋಗಳ ಪೆನ್‌ಡ್ರೈವ್ ಸಿಕ್ಕಿಸಿ ಟಿವಿ ಹಚ್ಚಿದ. “ಏನು ಹಾಕ್ಲಿ?”

“ಅವನ ಮುಖ ಹತ್ತಿರದಿಂದ ಕಾಣೋದು ಯಾವ್ದಾದ್ರೂ. ಬೆಳಕು ಜಾಸ್ತಿ ಮಾಡು.”

“ನಲವತ್ತೆರಡು ಇದೆ ಮಾರ್ಲಿಸ್.”

“ಎಷ್ಟು ಹೋಗುತ್ತೋ ಅಷ್ಟೂ ಮಾಡು.”

“ಎದ್ದು ಬಂದು ಒದೀತಾನೆ ಅವ್ನು.”

“ನನಗೆ ಕಣ್ಣು ಕಾಣಲ್ಲ ವರ್ನ್. ಎರಡು ವರ್ಷ ಆಯ್ತು. ಯಾರ ಮುಖಾನೂ ಕಾಣಲ್ಲ. ನಿಂದೂ ಈಗ ಕಾಣ್ತಿಲ್ಲ.”

“ಓ,” ಎಂದ ವರ್ನ್. ಮಿನೆಸೋಟಾದ ಆ ಸೀಮೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಹೇಳುವುದಿಲ್ಲ. ತಟ್ಟೆ ಒಡೆದರೂ ಓ, ಮನೆ ಸುಟ್ಟರೂ ಓ. ರಿಮೋಟನ್ನು ತೆರೆಯತ್ತ ಹಿಡಿದು ಕೇಳಿದ: “ಅವನಿಗೆ?”

“ಹೇಳಿರ್ಲಿಲ್ಲ.”

ಅವನು ರಿಮೋಟ್ ಒತ್ತುತ್ತ ಹೋದ. ಐವತ್ತು, ಎಪ್ಪತ್ತು, ನೂರು. ಬೂದು ಗೋಡೆಗಳೆಲ್ಲ ಬೆಳ್ಳಗಾದವು. ಕ್ರಿಸ್‌ಮಸ್ ಊಟದ ದಿನ ಕಾರಿನ್ ತೆಗೆದಿದ್ದ ಚಿಕ್ಕ ವಿಡಿಯೋ ಬಂತು. ಮೇಜಿನೆದುರು ಕೂತಿದ್ದ ಆರ್ವಿಡ್ ಅಂಗೈ ಎತ್ತಿ ಮುಖಕ್ಕೆ ಅಡ್ಡ ಹಿಡಿದು, “ಆ ಫೋನಿನ ದೀಪ ಆರ್ಸೇ, ಕಣ್ಣಿಗೆ ಚುಚ್ಚುತ್ತೆ,” ಎಂದ. ಆಮೇಲೆ ಕೈ ಇಳಿಸಿ ನಕ್ಕ.

ಮಾರ್ಲಿಸ್ ತೆರೆಗೆ ಒಂದು ಗೇಣು ದೂರದಲ್ಲಿ ನಿಂತು, ಕಣ್ಣಂಚಿಗೆ ಸಿಗುವಂತೆ ಕತ್ತು ಓರೆ ಮಾಡಿ ನೋಡಿದಳು.

“ಇದ್ಯಾರು?”

“ಆರ್ವಿಡ್ ಕಣೆ.”

“ಕೆನ್ನೆ ಎಲ್ಲಿ?”

ವರ್ನ್ ಅವಳ ಪಕ್ಕಕ್ಕೆ ಬಂದು ನಿಂತ.

“ಕ್ರಿಸ್‌ಮಸ್‌ಗೆ ಆಗ್ಲೇ ಹೀಗಿದ್ನಾ? ನಾನು ಒಗೀತಿದ್ದಿದ್ದು ಅದೇ ಅಂಗಿ, ಅದೇ ಸೈಜು. ಕಾರಿನ್ ನನಗೆ ಏನೂ ಹೇಳ್ಲೇ ಇಲ್ವಲ್ಲ.”

“ನಿನಗೆ ಗೊತ್ತಿದೆ ಅಂದ್ಕೊಂಡ್ಲು. ಎಲ್ರೂ ಹಾಗೇ ಅಂದ್ಕೊಂಡ್ವಿ. ಆಗಸ್ಟಿಂದ್ಲೇ ಇಳೀತಾ ಬಂದಿದ್ದ. ಬೆಲ್ಟಿಗೆ ಮೂರು ತೂತು ಹೊಡ್ಕೊಂಡ. ಡಾಕ್ಟ್ರ ಹತ್ರ ಹೋಗೋ ಅಂತ ನಾನೂ ಹೇಳ್ದೆ.”

“ಏನಂದ?”

“ಬಿಡು, ಈಗ್ಯಾಕೆ ಅದು.”

“ಏನಂದ, ಹೇಳು.”

ವರ್ನ್ ರಿಮೋಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. “‘ಮಾರ್ಲಿಸ್ ದಿನಾ ನನ್ನ ಮುಖ ನೋಡ್ತಾಳೆ, ಏನಾದ್ರೂ ಇದ್ದಿದ್ರೆ ಅವಳೇ ಹೇಳ್ತಿದ್ಲು’ ಅಂದ.”

ಮೇಲಿನಿಂದ ಕಾರಿನ್ ಕಾಫಿಗೆ ಕರೆದಳು. ವಿಡಿಯೋ ಆಗಲೇ ಮುಗಿದು ತೆರೆ ಬರಿದಾಗಿತ್ತು. ಹದಿನಾಲ್ಕು ಸೆಕೆಂಡಿನದು ಅದು. ಮುಖ ಕಾಣುವುದು ಕೊನೆಯ ಎರಡರಲ್ಲಿ ಮಾತ್ರ.

“ಇನ್ನೊಂದ್ಸಲ ಹಾಕು,” ಎಂದಳು ಮಾರ್ಲಿಸ್.

ವರ್ನ್ ಹಾಕಿದ. ಬೆಳಕು ತಡೆಯಲಾರದೆ ಅವನೇ ಕಣ್ಣು ಕಿರಿದು ಮಾಡಿದ. ಆರ್ವಿಡ್ ಮತ್ತೆ ಅಂಗೈ ಎತ್ತಿ ಮುಖ ಮುಚ್ಚಿಕೊಂಡ. ಮಾರ್ಲಿಸ್ ತೆರೆಯ ಮೇಲೆ ಅವನ ಕೆನ್ನೆ ಗುಳಿಬಿದ್ದು ಕಾಣುವ ಜಾಗಕ್ಕೆ ಹೆಬ್ಬೆರಳೊತ್ತಿ, ಆ ಕೈ ಇಳಿಯುವುದನ್ನೇ ಕಾಯುತ್ತ ನಿಂತಳು.